ಹೊಸ ಫ್ಲ್ಯಾಟ್ ಕಾಯ್ದಿರಿಸಲು ಪಾವತಿಸುವ ಬುಕಿಂಗ್ ಮೊತ್ತ: ಖರೀದಿದಾರರ ಗಮನಕ್ಕೆ

ನಿರ್ಮಾಣ ಹಂತದಲ್ಲಿರುವ ಅಥವಾ ನಿರ್ಮಾಣ ಆರಂಭವಾಗಬೇಕಿರುವ ವಸತಿ ಸಮುಚ್ಚಯದಲ್ಲಿ ಫ್ಲ್ಯಾಟ್ ಖರೀದಿಸಲು ಇಚ್ಛಿಸುವ ನಾಗರಿಕರಿಂದ ಪ್ರವರ್ತಕರು, ಅಂದರೆ ಬಿಲ್ಡರ್‌ಗಳು, ಮೊದಲು ಕೇಳುವುದು ಬುಕಿಂಗ್ ಮೊತ್ತವನ್ನು. ಫ್ಲ್ಯಾಟ್‌ನ ಒಟ್ಟು ಬೆಲೆಗೆ ಹೋಲಿಸಿದಾಗ ಈ ಮೊತ್ತವು ಅಲ್ಪವೆಂದು ತೋರುವುದರಿಂದ, ಹಣವನ್ನು ಮೊದಲು ಪಾವತಿಸಿ ದಾಖಲೆಗಳ ಪರಿಶೀಲನೆಯನ್ನು ಅನಂತರಕ್ಕೆ ಬಿಡುವ ರೂಢಿಯು ಖರೀದಿದಾರರಲ್ಲಿ ಕಂಡುಬರುತ್ತದೆ. ಕಾನೂನು ಅಪೇಕ್ಷಿಸುವ ಕ್ರಮವು ಇದಕ್ಕೆ ವಿರುದ್ಧವಾದುದು. ಮೊದಲು ಯೋಜನೆಯ ನೋಂದಣಿ, ಆನಂತರ ಮಿತಿಗೊಳಪಟ್ಟ ಮುಂಗಡ, ತದನಂತರ ನೋಂದಾಯಿತ ಮಾರಾಟ ಕರಾರು, ಆಮೇಲೆ ಉಳಿದ ಕಂತುಗಳು. ಬುಕಿಂಗ್ ಮೊತ್ತವು ಖರೀದಿದಾರರಿಗೆ ಹಿಂದಿರುಗುವುದೇ ಇಲ್ಲವೇ ಎಂಬುದು ಬಹುಮಟ್ಟಿಗೆ ಈ ಕ್ರಮದ ಯಾವ ಹಂತದಲ್ಲಿ ಅದನ್ನು ಪಾವತಿಸಲಾಯಿತು ಎಂಬುದನ್ನು ಅವಲಂಬಿಸಿರುತ್ತದೆ.

ಅನ್ವಯವಾಗುವ ಕಾನೂನು

ಈ ವಿಷಯಕ್ಕೆ ಮುಖ್ಯವಾಗಿ ಅನ್ವಯಿಸುವುದು ಕೇಂದ್ರ ಸರ್ಕಾರದ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016. ಸಾಮಾನ್ಯವಾಗಿ ರೇರಾ ಎಂದು ಕರೆಯಲಾಗುವ ಸದರಿ ಅಧಿನಿಯಮದ ಕೆಲವು ಉಪಬಂಧಗಳು 2016ರ ಮೇ 1ರಿಂದಲೂ, ಯೋಜನೆಗಳ ನೋಂದಣಿ ಸೇರಿದಂತೆ ಉಳಿದವು 2017ರ ಮೇ 1ರಿಂದಲೂ ಜಾರಿಗೆ ಬಂದಿವೆ. ಇದರಡಿ ಕರ್ನಾಟಕ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ನಿಯಮಗಳು, 2017 ಅನ್ನು ರಾಜ್ಯ ಸರ್ಕಾರವು 2017ರ ಜುಲೈನಲ್ಲಿ ಹೊರಡಿಸಿತು. ರಾಜ್ಯದಲ್ಲಿ ಇವುಗಳ ಅನುಷ್ಠಾನವು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಹೊಣೆಯಾಗಿದೆ.

ಮಾರುಕಟ್ಟೆಯಲ್ಲಿ ಈ ಹಣಕ್ಕೆ ಹಲವು ಹೆಸರುಗಳಿವೆ. ಬುಕಿಂಗ್ ಅಮೌಂಟ್, ಟೋಕನ್ ಅಡ್ವಾನ್ಸ್, ಬ್ಲಾಕಿಂಗ್ ಅಮೌಂಟ್, ಅರ್ಜಿ ಶುಲ್ಕ, ಇತ್ತೀಚಿನ ವರ್ಷಗಳಲ್ಲಿ ಇಒಐ, ಅಂದರೆ ಆಸಕ್ತಿ ಅಭಿವ್ಯಕ್ತಿ. ರಸೀದಿಯ ಮೇಲೆ ಯಾವ ಹೆಸರನ್ನು ಮುದ್ರಿಸಿದರೂ ಹಣದ ಸ್ವರೂಪವು ಬದಲಾಗುವುದಿಲ್ಲ. ಅಧಿನಿಯಮದ 13ನೇ ಕಲಂ ಮುಂಗಡ ಪಾವತಿ ಮತ್ತು ಅರ್ಜಿ ಶುಲ್ಕ ಎರಡನ್ನೂ ಒಂದೇ ಮಿತಿಯೊಳಗೆ ತಂದಿದೆ. ಆದುದರಿಂದ ಇದು ಕೇವಲ ಟೋಕನ್, ರೇರಾ ನಿಯಮಗಳು ಇದಕ್ಕೆ ಅನ್ವಯಿಸುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ.

ನೋಂದಣಿಗೆ ಮುನ್ನ ಬುಕಿಂಗ್ ಇಲ್ಲ

ಅಧಿನಿಯಮದ 3ನೇ ಕಲಮಿನ ಪ್ರಕಾರ ಪ್ರಾಧಿಕಾರದಲ್ಲಿ ನೋಂದಣಿಯಾಗದ ಯೋಜನೆಯ ಫ್ಲ್ಯಾಟ್ ಅಥವಾ ನಿವೇಶನವನ್ನು ಜಾಹೀರಾತು ಮಾಡುವುದು, ಮಾರುವುದು, ಬುಕಿಂಗ್ ಸ್ವೀಕರಿಸುವುದು ಅಥವಾ ಖರೀದಿಗೆ ಯಾವುದೇ ರೀತಿಯಲ್ಲಿ ಆಹ್ವಾನಿಸುವುದನ್ನು ನಿಷೇಧಿಸಲಾಗಿದೆ. ಅಭಿವೃದ್ಧಿಪಡಿಸಲು ಉದ್ದೇಶಿಸಿರುವ ಭೂಮಿಯ ವಿಸ್ತೀರ್ಣವು 500 ಚದರ ಮೀಟರ್ ಮೀರದಿದ್ದಲ್ಲಿ, ಅಥವಾ ಎಲ್ಲ ಹಂತಗಳೂ ಸೇರಿ ಫ್ಲ್ಯಾಟ್‌ಗಳ ಸಂಖ್ಯೆ 8ನ್ನು ಮೀರದಿದ್ದಲ್ಲಿ, ನೋಂದಣಿ ಕಡ್ಡಾಯವಲ್ಲ. ಬಡಾವಣೆಗಳಲ್ಲಿ ಖಾಸಗಿಯಾಗಿ ನಿರ್ಮಿಸಲಾಗುವ ನಾಲ್ಕಾರು ಫ್ಲ್ಯಾಟ್‌ಗಳ ಕಟ್ಟಡಗಳು ಈ ವಿನಾಯಿತಿಯಡಿ ಬರಬಹುದಾಗಿದ್ದು, ಅಂತಹ ಕಡೆ ಮುಂಗಡ ನೀಡುವವರು ನೋಂದಣಿಯಿಂದ ದೊರೆಯುವ ರಕ್ಷಣೆಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಅಲ್ಲಿ ಲಿಖಿತ ಕರಾರೇ ಮುಖ್ಯ ಆಧಾರ.

ದೊಡ್ಡ ಯೋಜನೆಗಳ ವಿಷಯದಲ್ಲಿ ಪ್ರೀ-ಲಾಂಚ್ ಎಂಬ ಪದ್ಧತಿಯನ್ನು ಕುರಿತು ವಿಶೇಷವಾಗಿ ತಿಳಿಸಬೇಕಾಗಿದೆ. ನೋಂದಣಿ ಸಂಖ್ಯೆ ಇನ್ನೂ ಬಂದಿಲ್ಲ, ಬಂದ ಮೇಲೆ ಚದರ ಅಡಿಯ ದರ ಏರುತ್ತದೆ, ಈಗ ಒಂದು ಅಥವಾ ಎರಡು ಲಕ್ಷ ರೂಪಾಯಿಯ ಚೆಕ್ ನೀಡಿದಲ್ಲಿ ಆಯ್ಕೆಯಲ್ಲಿ ಆದ್ಯತೆ ದೊರೆಯುತ್ತದೆ ಎಂಬುದು ಇದರ ಸಾಮಾನ್ಯ ಸ್ವರೂಪ. ಚೆಕ್ಕನ್ನು ನಗದೀಕರಿಸುವುದಿಲ್ಲ, ಸುಮ್ಮನೆ ಇಟ್ಟುಕೊಳ್ಳುತ್ತೇವೆ ಎಂಬ ಭರವಸೆಯನ್ನೂ ನೀಡಲಾಗುತ್ತದೆ. ನೋಂದಣಿಯ ಅರ್ಜಿಯೊಂದಿಗೆ ಸಕ್ಷಮ ಪ್ರಾಧಿಕಾರದ ಅನುಮೋದನೆಗಳು, ಮಂಜೂರಾದ ನಕ್ಷೆ ಹಾಗೂ ಭೂಮಿಯ ಹಕ್ಕಿಗೆ ಸಂಬಂಧಿಸಿದ ದಾಖಲೆಗಳನ್ನು ಸಲ್ಲಿಸಬೇಕಾಗಿರುತ್ತದೆ. ನೋಂದಣಿ ಆಗಿಲ್ಲವೆಂದರೆ ಇವುಗಳಲ್ಲಿ ಯಾವುದೋ ಒಂದು ಇನ್ನೂ ಸಿದ್ಧವಾಗಿಲ್ಲದಿರುವ ಸಂಭವವುಂಟು. ನಕ್ಷೆ ಮಂಜೂರಾಗದೆ ಮಹಡಿಗಳ ಸಂಖ್ಯೆ, ಫ್ಲ್ಯಾಟ್‌ನ ಅಳತೆ, ಕಾರು ನಿಲುಗಡೆ ಸ್ಥಳ ಯಾವುದೂ ನಿಶ್ಚಿತವಲ್ಲ. ಏಳನೇ ಮಹಡಿಯ ಪೂರ್ವಾಭಿಮುಖ ಫ್ಲ್ಯಾಟ್ ಕಾಯ್ದಿರಿಸಿದೆವೆಂದು ಭಾವಿಸಿದವರು ಕಾನೂನಿನ ದೃಷ್ಟಿಯಲ್ಲಿ ಗುರುತಿಸಬಹುದಾದ ಯಾವ ಆಸ್ತಿಯನ್ನೂ ಕಾಯ್ದಿರಿಸಿರುವುದಿಲ್ಲ.

ಹಣವು ಸೇರುವ ಖಾತೆಯೂ ಇಷ್ಟೇ ಮುಖ್ಯವಾದುದು. ನೋಂದಾಯಿತ ಯೋಜನೆಯಲ್ಲಿ ಖರೀದಿದಾರರಿಂದ ಬಂದ ಹಣದ ಶೇಕಡ 70ನ್ನು ಅನುಸೂಚಿತ ಬ್ಯಾಂಕಿನ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಅದನ್ನು ಆ ಯೋಜನೆಯ ಭೂಮಿ ಮತ್ತು ನಿರ್ಮಾಣದ ವೆಚ್ಚಕ್ಕೆ ಮಾತ್ರ ಬಳಸಬಹುದು. ಕಾಮಗಾರಿಯ ಪ್ರಗತಿಗೆ ತಕ್ಕಂತೆ, ಇಂಜಿನಿಯರ್, ವಾಸ್ತುಶಿಲ್ಪಿ ಮತ್ತು ಚಾರ್ಟರ್ಡ್ ಅಕೌಂಟೆಂಟ್ ದೃಢೀಕರಿಸಿದ ನಂತರವೇ ಹಣ ಹಿಂಪಡೆಯಲು ಅವಕಾಶವಿದೆ. ನೋಂದಣಿಗೆ ಮುನ್ನ ಸಂಗ್ರಹಿಸಿದ ಹಣದ ಮೇಲೆ ಇಂತಹ ಯಾವ ಕಾವಲೂ ಇರುವುದಿಲ್ಲ. ಅದು ಪ್ರವರ್ತಕರ ಮತ್ತೊಂದು ಯೋಜನೆಗೋ, ಹಳೆಯ ಸಾಲದ ತೀರುವಳಿಗೋ ಹೋಗಬಹುದು. ನೋಂದಣಿ ಮಾಡದೆ ಬುಕಿಂಗ್ ಪಡೆದ ಪ್ರವರ್ತಕರಿಗೆ ಯೋಜನೆಯ ಅಂದಾಜು ವೆಚ್ಚದ ಶೇಕಡ 10ರವರೆಗೆ ದಂಡ ವಿಧಿಸಲು 59ನೇ ಕಲಂ ಅವಕಾಶ ನೀಡಿದೆ. ಆದರೆ ದಂಡದ ಹಣವು ಸರ್ಕಾರಕ್ಕೆ ಸಂದಾಯವಾಗುವುದೇ ಹೊರತು ಖರೀದಿದಾರರಿಗಲ್ಲ ಎಂಬುದನ್ನು ಗಮನಿಸುವುದು.

ನೋಂದಣಿ ಸಂಖ್ಯೆಯನ್ನು ಪರಿಶೀಲಿಸುವ ವಿಧಾನ

ಪ್ರತಿ ಜಾಹೀರಾತಿನಲ್ಲಿಯೂ ಪ್ರಾಧಿಕಾರದ ಜಾಲತಾಣದ ವಿಳಾಸ ಮತ್ತು ಯೋಜನೆಯ ನೋಂದಣಿ ಸಂಖ್ಯೆಯನ್ನು ಎದ್ದುಕಾಣುವಂತೆ ನಮೂದಿಸತಕ್ಕದ್ದು. ಕರ್ನಾಟಕದ ನೋಂದಣಿ ಸಂಖ್ಯೆಗಳು ಪಿಆರ್‌ಎಂ/ಕೆಎ/ರೇರಾ ಎಂದು ಆರಂಭವಾಗುತ್ತವೆ. ಯೋಜನೆಗೆ ಮಾತ್ರವಲ್ಲದೆ ಏಜೆಂಟರಿಗೂ ಪ್ರತ್ಯೇಕ ನೋಂದಣಿ ಇರುವುದರಿಂದ ಎರಡೂ ಸಂಖ್ಯೆಗಳು ಮೇಲ್ನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಸಂಖ್ಯೆಯ ನಡುವೆ ಯೋಜನೆಗೆ ಪಿಆರ್ ಎಂಬ, ಏಜೆಂಟರಿಗೆ ಎಜಿ ಎಂಬ ಅಕ್ಷರಗಳಿರುತ್ತವೆ. ಕರಪತ್ರದಲ್ಲಿ ಏಜೆಂಟರ ಸಂಖ್ಯೆಯನ್ನಷ್ಟೇ ಮುದ್ರಿಸಿದ್ದಲ್ಲಿ ಯೋಜನೆ ನೋಂದಣಿಯಾಗಿದೆ ಎಂದು ಅರ್ಥವಲ್ಲ. ನೋಂದಣಿಯಾಗದ ಯೋಜನೆಯ ಮಾರಾಟದಲ್ಲಿ ಏಜೆಂಟರು ಮಧ್ಯಸ್ಥಿಕೆ ವಹಿಸುವುದೂ ನಿಷಿದ್ಧ.

ಸಂಖ್ಯೆಯನ್ನು ಜಾಲತಾಣದಲ್ಲಿ ನಮೂದಿಸಿದಾಗ ಪ್ರವರ್ತಕರ ವಿವರ, ಯೋಜನೆ ಪೂರ್ಣಗೊಳ್ಳಬೇಕಾದ ದಿನಾಂಕ, ಮಂಜೂರಾದ ನಕ್ಷೆ ಮುಂತಾದವು ದೊರೆಯುತ್ತವೆ. ನೋಂದಣಿಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಬುಕಿಂಗ್ ಆಗಿರುವ ಫ್ಲ್ಯಾಟ್‌ಗಳ ಸಂಖ್ಯೆ ಮತ್ತು ವಿಧಗಳ ವಿವರವನ್ನು ಪ್ರವರ್ತಕರು ಪ್ರತಿ ಮೂರು ತಿಂಗಳಿಗೊಮ್ಮೆ ಅಲ್ಲಿ ಪ್ರಕಟಿಸಬೇಕಾಗಿದೆ. ಇನ್ನೆರಡೇ ಫ್ಲ್ಯಾಟ್ ಉಳಿದಿವೆ, ಸಂಜೆಯೊಳಗೆ ತೀರ್ಮಾನಿಸಿ ಎಂದು ಒತ್ತಾಯಿಸಲಾಗುತ್ತಿರುವವರು ಸದರಿ ವಿವರವನ್ನು ಒಮ್ಮೆ ನೋಡುವುದು ಪ್ರಯೋಜನಕಾರಿ.

ಬುಕಿಂಗ್ ಸಮಯದಲ್ಲಿಯೇ ಮಂಜೂರಾದ ನಕ್ಷೆ ಮತ್ತು ಹಂತವಾರು ಕಾಮಗಾರಿಯ ವೇಳಾಪಟ್ಟಿಯನ್ನು, ನೀರು, ಒಳಚರಂಡಿ, ವಿದ್ಯುತ್ ಸೌಲಭ್ಯಗಳ ವಿವರ ಸಹಿತ, ಖರೀದಿದಾರರಿಗೆ ಒದಗಿಸುವುದು 11ನೇ ಕಲಮಿನಡಿ ಪ್ರವರ್ತಕರ ಕರ್ತವ್ಯ. ಅವುಗಳನ್ನು ಕೇಳುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

ಶೇಕಡ 10ರ ಮಿತಿ

ಲಿಖಿತ ಮಾರಾಟ ಕರಾರು ಮಾಡಿಕೊಂಡು ಅದನ್ನು ನೋಂದಾಯಿಸುವ ಮುನ್ನ, ಫ್ಲ್ಯಾಟ್‌ನ ಬೆಲೆಯ ಶೇಕಡ 10ಕ್ಕಿಂತ ಹೆಚ್ಚಿನ ಮೊತ್ತವನ್ನು ಪ್ರವರ್ತಕರು ಸ್ವೀಕರಿಸುವಂತಿಲ್ಲ. ಉದಾಹರಣೆಗೆ, ರೂ. 80 ಲಕ್ಷ ಬೆಲೆಯ ಫ್ಲ್ಯಾಟ್‌ಗೆ ಕರಾರಿನ ಮುನ್ನ ಪಡೆಯಬಹುದಾದ ಗರಿಷ್ಠ ಮೊತ್ತ ರೂ. 8 ಲಕ್ಷ. ಟೋಕನ್ ಎಂದು ರೂ. 2 ಲಕ್ಷ, ಹದಿನೈದು ದಿನಗಳ ನಂತರ ಹಂಚಿಕೆ ಪತ್ರದ ಸಮಯದಲ್ಲಿ ರೂ. 14 ಲಕ್ಷ ಎಂದು ಭಾಗ ಮಾಡಿದರೂ ಒಟ್ಟು ಲೆಕ್ಕವೇ ಅನ್ವಯಿಸುತ್ತದೆ. ಹತ್ತು ಎಂಬುದು ಮೇಲ್ಮಿತಿಯೇ ಹೊರತು ನಿಗದಿತ ದರವಲ್ಲ. ಅದಕ್ಕಿಂತ ಕಡಿಮೆ ಮೊತ್ತಕ್ಕೆ ಒಪ್ಪಿಸಲು ಖರೀದಿದಾರರು ಪ್ರಯತ್ನಿಸಬಹುದು, ಮತ್ತು ಪ್ರಯತ್ನಿಸುವುದು ಲೇಸು. ಹಂಚಿಕೆ ಪತ್ರವು ಮಾರಾಟ ಕರಾರಿಗೆ ಸಮನಲ್ಲವೆಂಬುದನ್ನೂ, ನೋಂದಣಿಯಾಗದ ಕರಾರು ಈ ಕಲಮಿನ ಅಗತ್ಯವನ್ನು ಪೂರೈಸುವುದಿಲ್ಲವೆಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ಈ ಹಣವು ಬಹುತೇಕ ಖರೀದಿದಾರರ ಸ್ವಂತ ಉಳಿತಾಯದಿಂದಲೇ ಬರಬೇಕಾಗಿರುತ್ತದೆ. ಭಾರತೀಯ ರಿಸರ್ವ್ ಬ್ಯಾಂಕಿನ ಮಾರ್ಗಸೂಚಿಯಂತೆ ರೂ. 75 ಲಕ್ಷಕ್ಕೂ ಮೀರಿದ ಗೃಹಸಾಲವು ಆಸ್ತಿಯ ಮೌಲ್ಯದ ಶೇಕಡ 75ನ್ನು ಮೀರುವಂತಿಲ್ಲ. ರೂ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಈ ಮಿತಿ ಶೇಕಡ 80. ಬ್ಯಾಂಕುಗಳು ಸಾಲದ ಹಣವನ್ನು ಸಾಮಾನ್ಯವಾಗಿ ಮಾರಾಟ ಕರಾರಿನ ನಂತರವೇ ಬಿಡುಗಡೆ ಮಾಡುತ್ತವೆ. ಇದರಿಂದ ಉದ್ಭವಿಸುವ ತೊಂದರೆಯೆಂದರೆ, ಬುಕಿಂಗ್ ಮೊತ್ತ ಪಾವತಿಯಾದ ಮೇಲೆ ಸಾಲ ಮಂಜೂರಾಗದೆ ಹೋಗುವ ಸಾಧ್ಯತೆ. ಅರ್ಜಿದಾರರ ಆದಾಯ ಸಾಲದು ಎಂಬ ಕಾರಣದಿಂದಲೋ, ಭೂಮಿಯ ದಾಖಲೆಗಳನ್ನು ಬ್ಯಾಂಕಿನ ವಕೀಲರು ಒಪ್ಪದ ಕಾರಣದಿಂದಲೋ ಹೀಗಾಗಬಹುದು. ಆದುದರಿಂದ ಸಾಲ ದೊರೆಯದಿದ್ದಲ್ಲಿ ಬುಕಿಂಗ್ ಮೊತ್ತವನ್ನು ಪೂರ್ಣವಾಗಿ ಹಿಂದಿರುಗಿಸಲಾಗುವುದು ಎಂಬ ಷರತ್ತನ್ನು ಬುಕಿಂಗ್ ಅರ್ಜಿಯಲ್ಲಿಯೇ ಬರೆಸಿ, ಅಧಿಕೃತ ಸಹಿದಾರರ ಸಹಿ ಪಡೆಯುವುದು. ಮಾರಾಟ ಪ್ರತಿನಿಧಿಯ ಬಾಯಿಮಾತು ಅಥವಾ ವಾಟ್ಸ್ಆಪ್ ಸಂದೇಶವು ಇಂತಹ ಸಹಿಗೆ ಸಾಟಿಯಾಗಲಾರದು. ಹಾಗೆಂದು ಸಂದೇಶಗಳನ್ನು ಅಳಿಸಿಹಾಕುವುದೂ ಬೇಡ. ವಿವಾದ ಉಂಟಾದಾಗ ಅವು ಪೂರಕ ಸಾಕ್ಷ್ಯವಾಗಬಹುದು.

ಬುಕಿಂಗ್ ರದ್ದಾದಾಗ ಹಣದ ಮರುಪಾವತಿ

ನಾಗರಿಕರಿಗೆ ಹೆಚ್ಚಿನ ಗೊಂದಲವಿರುವುದು ಈ ಅಂಶದಲ್ಲಿ. ಬುಕಿಂಗ್ ಅರ್ಜಿಗಳ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುವ ಮರುಪಾವತಿ ಇಲ್ಲ ಎಂಬ ಸಾಲನ್ನು ಕಂಡು ಅನೇಕರು ಹಣವನ್ನು ಕೈಬಿಡುತ್ತಾರೆ. ಆ ಸಾಲೊಂದರಿಂದಲೇ ವಿಷಯವು ಇತ್ಯರ್ಥವಾಗುವುದಿಲ್ಲ.

ಪ್ರವರ್ತಕರ ಲೋಪದಿಂದ ಖರೀದಿದಾರರು ಹಿಂದೆ ಸರಿಯುವ ಸಂದರ್ಭವನ್ನು ಮೊದಲು ಪರಿಗಣಿಸಬಹುದು. ಜಾಹೀರಾತಿನಲ್ಲಿ, ಕೈಪಿಡಿಯಲ್ಲಿ ಅಥವಾ ಮಾದರಿ ಫ್ಲ್ಯಾಟ್‌ನಲ್ಲಿ ತೋರಿಸಿದ ತಪ್ಪು ಮಾಹಿತಿಯನ್ನು ನಂಬಿ ಮುಂಗಡ ನೀಡಿ ನಷ್ಟಕ್ಕೊಳಗಾದವರು ಯೋಜನೆಯಿಂದ ಹೊರಬರಲು ಇಚ್ಛಿಸಿದಲ್ಲಿ, ಪೂರ್ಣ ಮೊತ್ತವನ್ನು ಬಡ್ಡಿ ಮತ್ತು ಪರಿಹಾರ ಸಹಿತ ಹಿಂದಿರುಗಿಸಬೇಕೆಂದು 12ನೇ ಕಲಂ ಹೇಳುತ್ತದೆ. ಕರಾರಿನಲ್ಲಿ ಒಪ್ಪಿದ ದಿನಾಂಕದೊಳಗೆ ಫ್ಲ್ಯಾಟ್ ಸ್ವಾಧೀನಕ್ಕೆ ನೀಡದಿದ್ದಲ್ಲಿ 18ನೇ ಕಲಮಿನಡಿ ಇದೇ ರೀತಿಯ ಹಕ್ಕಿದೆ. ಈ ಹಕ್ಕು ಷರತ್ತುರಹಿತವಾದುದೆಂದು ಸರ್ವೋಚ್ಚ ನ್ಯಾಯಾಲಯವು 2021ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಮೊಕದ್ದಮೆಯೊಂದರಲ್ಲಿ ತೀರ್ಪು ನೀಡಿದೆ. ರಾಜ್ಯದ ನಿಯಮಗಳ ಪ್ರಕಾರ ಬಡ್ಡಿಯ ದರವು ಭಾರತೀಯ ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್ ದರಗಳಲ್ಲಿ ಅತ್ಯಧಿಕವಾದುದಕ್ಕೆ ಶೇಕಡ 2ನ್ನು ಸೇರಿಸಿದಷ್ಟು.

ಎರಡನೆಯದು, ಪ್ರವರ್ತಕರ ತಪ್ಪಿಲ್ಲದೆ ಖರೀದಿದಾರರೇ ಸ್ವಂತ ಕಾರಣಕ್ಕೆ ಹಿಂದೆ ಸರಿಯುವ ಸಂದರ್ಭ. ವರ್ಗಾವಣೆ, ಕೌಟುಂಬಿಕ ಅನಾರೋಗ್ಯ, ಉದ್ಯೋಗ ನಷ್ಟ ಮುಂತಾದವು ಇದರಲ್ಲಿ ಬರುತ್ತವೆ. ಇಲ್ಲಿ ಮಾರಾಟ ಕರಾರಿಗೆ ಸಹಿ ಆಗಿದೆಯೇ ಇಲ್ಲವೇ ಎಂಬುದು ನಿರ್ಣಾಯಕ. ಸಹಿಯಾಗಿ ಕರಾರು ನೋಂದಣಿಯಾದ ನಂತರವಾದರೆ, ನಿಯಮಗಳಿಗೆ ಲಗತ್ತಿಸಲಾದ ಮಾದರಿ ಮಾರಾಟ ಕರಾರಿನಂತೆ ಪ್ರವರ್ತಕರು ಬುಕಿಂಗ್ ಮೊತ್ತವನ್ನು ಮುಟ್ಟುಗೋಲು ಹಾಕಿಕೊಂಡು, ಪಾವತಿಯಾದ ಉಳಿದ ಹಣವನ್ನು ಹಿಂದಿರುಗಿಸಬೇಕು. ಕರಾರಿಗೆ ಸಹಿಯಾಗುವ ಮುನ್ನ ಸ್ಥಿತಿ ಬೇರೆ. ಪ್ರವರ್ತಕರು ಕಳುಹಿಸಿದ ಕರಾರಿಗೆ ಖರೀದಿದಾರರು 30 ದಿನಗಳೊಳಗೆ ಸಹಿ ಮಾಡಿ ಹಿಂದಿರುಗಿಸದಿದ್ದಲ್ಲಿ ಅಥವಾ ಉಪನೋಂದಣಾಧಿಕಾರಿಯ ಮುಂದೆ ಹಾಜರಾಗದಿದ್ದಲ್ಲಿ ನೋಟಿಸು ನೀಡಬೇಕು. ಅದಕ್ಕೂ ಸ್ಪಂದಿಸದಿದ್ದಲ್ಲಿ ಅರ್ಜಿಯು ರದ್ದಾದಂತೆ ಪರಿಗಣಿಸಿ, ಬುಕಿಂಗ್ ಮೊತ್ತ ಸೇರಿದಂತೆ ಎಲ್ಲ ಹಣವನ್ನು ಬಡ್ಡಿಯಿಲ್ಲದೆ ಹಿಂದಿರುಗಿಸಬೇಕೆಂದು ಅದೇ ಮಾದರಿ ಕರಾರು ಹೇಳುತ್ತದೆ. ಬುಕಿಂಗ್ ಅರ್ಜಿಯ ಮುದ್ರಿತ ಷರತ್ತುಗಳು ಬಹಳಷ್ಟು ಬಾರಿ ಇದಕ್ಕೆ ವಿರುದ್ಧವಾಗಿರುತ್ತವೆ. ಮಾದರಿ ಕರಾರಿನ ಈ ಭಾಗವನ್ನು ಓದಿಕೊಂಡು ಅರ್ಜಿಗೆ ಸಹಿ ಮಾಡುವವರು ವಿರಳ. ಆದರೆ ಮರುಪಾವತಿ ಕೋರುವ ಪತ್ರದಲ್ಲಿ ಉಲ್ಲೇಖಿಸಲು ಇದಕ್ಕಿಂತ ಉಪಯುಕ್ತವಾದ ಭಾಗವಿಲ್ಲ.

ಮುಟ್ಟುಗೋಲಿಗೆ ಮಿತಿಯುಂಟು. ಕರಾರು ಮುರಿದಾಗ ದೊರೆಯಬೇಕಾದುದು ಯುಕ್ತ ಪರಿಹಾರವೆಂಬುದು ಭಾರತೀಯ ಕರಾರು ಅಧಿನಿಯಮ, 1872ರ 74ನೇ ಕಲಮಿನ ತತ್ತ್ವ. ಬಿಲ್ಡರ್‌ಗಳು ರಚಿಸಿದ, ಖರೀದಿದಾರರಿಗೆ ಸಹಿ ಮಾಡದೆ ಬೇರೆ ದಾರಿಯಿಲ್ಲದ ಏಕಪಕ್ಷೀಯ ಷರತ್ತುಗಳು ಅನುಚಿತ ವ್ಯಾಪಾರ ಪದ್ಧತಿಯಾಗುತ್ತವೆ ಎಂದು ಸರ್ವೋಚ್ಚ ನ್ಯಾಯಾಲಯವು 2019ರ ಏಪ್ರಿಲ್‌ನಲ್ಲಿ ಅಭಿಪ್ರಾಯಪಟ್ಟಿದೆ. ಹರಿಯಾಣದ ಗುರುಗ್ರಾಮದ ಯೋಜನೆಯೊಂದರಲ್ಲಿ ಮೂಲ ಬೆಲೆಯ ಶೇಕಡ 20ನ್ನು ಮುಟ್ಟುಗೋಲು ಹಾಕಿಕೊಳ್ಳುವ ಷರತ್ತಿತ್ತು. 2025ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕರಾರನ್ನು ಏಕಪಕ್ಷೀಯವೆಂದು ಕಂಡು, ಮುಟ್ಟುಗೋಲನ್ನು ಶೇಕಡ 10ಕ್ಕೆ ಸೀಮಿತಗೊಳಿಸಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ ಆದೇಶವನ್ನು ಆ ಮಟ್ಟಿಗೆ ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ಮರುಪಾವತಿಯ ಮೇಲೆ ಆಯೋಗವು ನೀಡಿದ್ದ ಬಡ್ಡಿಯನ್ನು ರದ್ದುಪಡಿಸಿತೆಂಬುದೂ ಗಮನಾರ್ಹ. ಮಾರುಕಟ್ಟೆ ಬೆಲೆ ಇಳಿಯಿತೆಂದು ಹಿಂದೆ ಸರಿದವರಿಗೆ ನ್ಯಾಯಾಲಯಗಳು ಹೆಚ್ಚಿನ ಔದಾರ್ಯ ತೋರುವುದಿಲ್ಲ. ಇನ್ನು ಪ್ರವರ್ತಕರು ತಾವಾಗಿಯೇ ಹಂಚಿಕೆಯನ್ನು ರದ್ದುಪಡಿಸುವುದಿದ್ದಲ್ಲಿ ಮಾರಾಟ ಕರಾರಿನ ಷರತ್ತುಗಳಿಗೆ ಅನುಗುಣವಾಗಿ ಮಾತ್ರ ರದ್ದುಪಡಿಸಬಹುದು. ಹೆಚ್ಚಿನ ಬೆಲೆಗೆ ಮತ್ತೊಬ್ಬರು ಸಿಕ್ಕಿದರೆಂಬುದು ರದ್ದತಿಗೆ ಕಾರಣವಾಗುವುದಿಲ್ಲ.

ತೆರಿಗೆಗಳು ಮತ್ತು ಪಾವತಿಯ ವಿಧಾನ

ಸ್ಥಿರಾಸ್ತಿಯ ವರ್ಗಾವಣೆಗೆ ಸಂಬಂಧಿಸಿದ ಮುಂಗಡವನ್ನು ರೂ. 20,000 ಅಥವಾ ಅದಕ್ಕಿಂತ ಹೆಚ್ಚಿನ ನಗದಿನಲ್ಲಿ ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ವರ್ಗಾವಣೆ ಅಂತಿಮವಾಗಿ ನಡೆಯದಿದ್ದರೂ ಈ ನಿಷೇಧ ಅನ್ವಯಿಸುತ್ತದೆ. ಹಣವನ್ನು ಬ್ಯಾಂಕ್ ಮೂಲಕವೇ, ನೋಂದಣಿಯಲ್ಲಿ ಹೆಸರಿಸಲಾದ ಪ್ರವರ್ತಕರ ಖಾತೆಗೆ ಪಾವತಿಸತಕ್ಕದ್ದು; ಏಜೆಂಟರ ಅಥವಾ ಯಾವುದೇ ನೌಕರರ ವೈಯಕ್ತಿಕ ಖಾತೆಗೆ ಅಲ್ಲ. ರಸೀದಿಯಲ್ಲಿ ಫ್ಲ್ಯಾಟ್ ಸಂಖ್ಯೆ, ಯೋಜನೆಯ ನೋಂದಣಿ ಸಂಖ್ಯೆ ಮತ್ತು ಒಪ್ಪಿದ ಒಟ್ಟು ಬೆಲೆ ನಮೂದಾಗಿರಬೇಕು.

ಒಟ್ಟು ಬೆಲೆಯು ರೂ. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾಗಿದ್ದಲ್ಲಿ ಖರೀದಿದಾರರು ಪ್ರತಿ ಪಾವತಿಯಲ್ಲಿಯೂ ಶೇಕಡ 1ನ್ನು ಮೂಲದಲ್ಲಿಯೇ ಕಡಿತಗೊಳಿಸಿ ಆದಾಯ ತೆರಿಗೆ ಇಲಾಖೆಗೆ ಜಮಾ ಮಾಡಬೇಕು. ಬುಕಿಂಗ್ ಮೊತ್ತಕ್ಕೂ ಇದು ಅನ್ವಯಿಸುತ್ತದೆ: ಮೇಲಿನ ಉದಾಹರಣೆಯಲ್ಲಿ ರೂ. 8 ಲಕ್ಷಕ್ಕೆ ರೂ. 8,000. ಮೊದಲ ಪಾವತಿಯಲ್ಲಿ ಕಡಿತವನ್ನು ಮರೆತು ಆನಂತರ ಬಡ್ಡಿ ತೆರುವವರು ಕಡಿಮೆಯೇನಿಲ್ಲ.

ನಿರ್ಮಾಣ ಹಂತದ ಫ್ಲ್ಯಾಟ್‌ಗೆ ಜಿಎಸ್‌ಟಿ ದರವು 2019ರ ಏಪ್ರಿಲ್ 1ರಿಂದ ಶೇಕಡ 5. ಬೆಲೆ ರೂ. 45 ಲಕ್ಷ ಮೀರದ ಮತ್ತು ಕಾರ್ಪೆಟ್ ವಿಸ್ತೀರ್ಣವು ಬೆಂಗಳೂರಿನಂತಹ ಮಹಾನಗರಗಳಲ್ಲಿ 60 ಚದರ ಮೀಟರ್, ಇತರೆಡೆ 90 ಚದರ ಮೀಟರ್ ಮೀರದ ಫ್ಲ್ಯಾಟ್‌ಗೆ ಶೇಕಡ 1. ಪೂರ್ಣಗೊಂಡ ಪ್ರಮಾಣಪತ್ರ ದೊರೆತ ನಂತರ ಅಥವಾ ಮೊದಲ ವಾಸದ ನಂತರ, ಇವುಗಳಲ್ಲಿ ಮೊದಲಿನದಾದ ಮೇಲೆ, ಸಂಪೂರ್ಣ ಬೆಲೆಯನ್ನು ಪಾವತಿಸಿದಲ್ಲಿ ಮಾತ್ರ ಈ ತೆರಿಗೆ ಇರುವುದಿಲ್ಲ. ಸಂಪೂರ್ಣ ಎಂಬ ಪದವನ್ನು ಗಮನಿಸುವುದು. ಪ್ರಮಾಣಪತ್ರವು ಬರಲಿರುವ ಹಂತದಲ್ಲಿ ಆತುರಪಟ್ಟು ಬುಕಿಂಗ್ ಮೊತ್ತ ನೀಡಿದವರು ಆ ವಿನಾಯಿತಿಯನ್ನು ಕಳೆದುಕೊಳ್ಳಬಹುದು. ಬುಕಿಂಗ್ ರದ್ದಾದಾಗ ಪಾವತಿಸಿದ ಜಿಎಸ್‌ಟಿಯನ್ನು ಪ್ರವರ್ತಕರು ಕ್ರೆಡಿಟ್ ನೋಟ್ ಮೂಲಕ ಹಿಂದಿರುಗಿಸಬಹುದು. ಅದರ ಕಾಲಮಿತಿ ಮುಗಿದಿದ್ದಲ್ಲಿ ಜಿಎಸ್‌ಟಿ ನೋಂದಣಿ ಇಲ್ಲದ ಖರೀದಿದಾರರೇ ನೇರವಾಗಿ ಮರುಪಾವತಿ ಕೋರಲು 2022ರ ಡಿಸೆಂಬರ್ 27ರ ಸುತ್ತೋಲೆಯು ಅವಕಾಶ ಕಲ್ಪಿಸಿದೆ.

ದೂರು ಸಲ್ಲಿಕೆ

ಮೊದಲಿಗೆ ಬುಕಿಂಗ್ ರದ್ದತಿ ಮತ್ತು ಮರುಪಾವತಿ ಕೋರಿ ಪ್ರವರ್ತಕರಿಗೆ ಲಿಖಿತ ಪತ್ರವನ್ನು ಸ್ವೀಕೃತಿ ದೊರೆಯುವಂತೆ ಅಂಚೆ ಮೂಲಕ ಹಾಗೂ ಇ-ಮೇಲ್ ಮೂಲಕ ಕಳುಹಿಸುವುದು ಸೂಕ್ತ. ಸಮರ್ಪಕ ಉತ್ತರ ಬಾರದಿದ್ದಲ್ಲಿ 31ನೇ ಕಲಮಿನಡಿ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ಯೋಜನೆಯು ನೋಂದಣಿಯಾಗಿಲ್ಲ ಎಂಬ ಕಾರಣಕ್ಕೆ ದೂರು ನೀಡುವುದರಿಂದ ಹಿಂಜರಿಯಬೇಕಾಗಿಲ್ಲ. ನೋಂದಣಿ ಮಾಡದಿರುವುದೇ ಉಲ್ಲಂಘನೆಯಾಗಿರುತ್ತದೆ. ಮರುಪಾವತಿ ಮತ್ತು ಬಡ್ಡಿಯ ಕೋರಿಕೆಯನ್ನು ಪ್ರಾಧಿಕಾರವೂ, ಪರಿಹಾರದ ಕೋರಿಕೆಯನ್ನು ನ್ಯಾಯನಿರ್ಣಯ ಅಧಿಕಾರಿಯೂ ತೀರ್ಮಾನಿಸುವರು. ಬುಕಿಂಗ್ ಅರ್ಜಿ, ರಸೀದಿಗಳು, ಬ್ಯಾಂಕ್ ಖಾತೆಯ ವಿವರ, ಜಾಹೀರಾತಿನ ಪ್ರತಿ ಮತ್ತು ಪತ್ರವ್ಯವಹಾರವನ್ನು ದೂರಿನೊಂದಿಗೆ ಲಗತ್ತಿಸತಕ್ಕದ್ದು. ಜಾಲತಾಣದಲ್ಲಿನ ಜಾಹೀರಾತುಗಳು ಬದಲಾಗುತ್ತಿರುವುದರಿಂದ ಬುಕಿಂಗ್ ದಿನವೇ ಅವುಗಳ ಮುದ್ರಿತ ಪ್ರತಿಯನ್ನು ದಿನಾಂಕ ಸಹಿತ ತೆಗೆದಿರಿಸುವುದು.

ದೂರುಗಳನ್ನು 60 ದಿನಗಳೊಳಗೆ ವಿಲೇ ಮಾಡಲು ಪ್ರಯತ್ನಿಸಬೇಕೆಂದು ಅಧಿನಿಯಮವು ಹೇಳಿದ್ದರೂ ವಾಸ್ತವದಲ್ಲಿ ಇದಕ್ಕಿಂತ ಹೆಚ್ಚಿನ ಕಾಲ ಹಿಡಿಯಬಹುದು. ಆದೇಶವಾದ ಮೇಲೂ ಪ್ರವರ್ತಕರು ಹಣ ನೀಡದಿದ್ದಲ್ಲಿ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು 40ನೇ ಕಲಮಿನಡಿ ಅವಕಾಶವಿದ್ದು, ಕಂದಾಯ ಅಧಿಕಾರಿಗಳ ಮೂಲಕ ನಡೆಯುವ ಈ ಪ್ರಕ್ರಿಯೆಗೆ ಪ್ರತ್ಯೇಕವಾಗಿ ಸಮಯ ತಗಲುತ್ತದೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಗ್ರಾಹಕ ಆಯೋಗಕ್ಕೆ ಹೋಗುವ ಮಾರ್ಗವೂ ಖರೀದಿದಾರರಿಗೆ ಮುಕ್ತವಾಗಿದೆ. ಅಲ್ಲಿ ದೂರಿಗೆ ಕಾರಣ ಉದ್ಭವಿಸಿದ ದಿನದಿಂದ 2 ವರ್ಷಗಳ ಕಾಲಮಿತಿ ಇರುತ್ತದೆ. ಪ್ರಾಧಿಕಾರದ ಆದೇಶದಿಂದ ಬಾಧಿತರಾದವರು ಆದೇಶದ ಪ್ರತಿ ದೊರೆತ ದಿನದಿಂದ 60 ದಿನಗಳೊಳಗೆ ಕರ್ನಾಟಕ ರಿಯಲ್ ಎಸ್ಟೇಟ್ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಬಹುದಾಗಿರುತ್ತದೆ.